ಮೂರು ಪದರಗಳಿಂದ ಮನುಷ್ಯದೇಹ

ಕಾವಿಗಿಟ್ಟ ಕೋಳಿಯ ಮೊಟ್ಟೆಯನ್ನು ಮೂರನೆಯ ದಿನ ಜೋಪಾನವಾಗಿ ಒಡೆದು ಬಟ್ಟಲಿಗೆ ಬಿಟ್ಟರೆ, ಹಳದಿಯ ಮೇಲೆ ಕೆಂಪಾದ ಒಂದು ಚುಕ್ಕೆ ಕಾಣುವುದು. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ ಆ ಚುಕ್ಕೆಯು ಮಿಡಿಯುತ್ತಿರುವುದೂ ಗೊತ್ತಾಗುವುದು. ಅದೇ ಮರಿಯ ಹೃದಯ. ಗ್ರೀಸ್ ದೇಶದ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಇದನ್ನು ಕಂಡು ಬರೆದಿಟ್ಟಿದ್ದಾನೆ. ಮೊದಲನೆಯ ದಿನ ಅದೇ ಸ್ಥಳದಲ್ಲಿ ಹೃದಯವಿಲ್ಲ, ರಕ್ತವಿಲ್ಲ, ಮರಿಯೂ ಇಲ್ಲ; ಬೆಳ್ಳಗಿನ ಒಂದು ಸಣ್ಣ ಬಿಲ್ಲೆ ಮಾತ್ರ ಇರುವುದು. ಹಾಗಾದರೆ ಆ ಹೃದಯವು ಎಲ್ಲಿಂದ ಬಂದಿತು? ಮೊದಲೇ ಸೂಕ್ಷ್ಮರೂಪದಲ್ಲಿದ್ದು ಈಗ ದೊಡ್ಡದಾಯಿತೆ, ಅಥವಾ ಇಲ್ಲದಿದ್ದುದು ಹೊಸದಾಗಿ ನಿರ್ಮಿತವಾಯಿತೆ?

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ಭಾವಿಸಬಾರದು. ಕೂಸು ಸೀಳುದುಟಿಯೊಡನೆ ಹುಟ್ಟಿದ ಮನೆಯಲ್ಲಿ, ಬೆನ್ನಿನ ಎಲುಬು ಕೂಡದೆ ಹುಟ್ಟಿದ ಮನೆಯಲ್ಲಿ, ಇದು ಏತಕ್ಕೆ ಹೀಗಾಯಿತೆಂದು ಕೇಳದವರಿಲ್ಲ. ಮತ್ತು ಅದಕ್ಕೆ ದೊರೆಯುವ ಉತ್ತರವು ಬಹುಮಟ್ಟಿಗೆ ತಾಯಿಯ ಮೇಲೆ ದೂರಾಗಿಯೇ ಇರುವುದು. ಅವಯವಗಳು ಯಾವುದರಿಂದ, ಯಾವ ದಿನ, ಹೇಗೆ ಆಗುವುವೆಂಬುದನ್ನು ತಿಳಿದಲ್ಲದೆ ಆ ದೂರಿಗೆ ಸರಿಯಾದ ಉತ್ತರವನ್ನು ಕೊಡಲು ಸಾಧ್ಯವಿಲ್ಲ.

ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿನ ಪಂಡಿತರಲ್ಲಿ ಅನೇಕರು ಮೊದಲನೆಯ ಪಕ್ಷವನ್ನೇ ಹಿಡಿದಿದ್ದರು. ಬೀಜದಲ್ಲಿಯೇ ಸಮಸ್ತ ಅವಯವಗಳೂ ಇದ್ದು, ಗರ್ಭದಲ್ಲಿ ನಡೆಯುವುದು ಬರಿಯ ಬೆಳವಣಿಗೆಯೆಂದು ಅವರ ಮತ. 1694ರಲ್ಲಿ ಹಾಲೆಂಡಿನ ಹಾರ್ಟ್‌ಸೂಕರನು ಪುರುಷಬೀಜದ ತಲೆಯೊಳಗೆ ಮಂಡಿ ಮಡಿಸಿ ಕುಳಿತ ಪುಟ್ಟ ಮನುಷ್ಯನೊಬ್ಬನ ಚಿತ್ರವನ್ನೇ ಬರೆದು ಅಚ್ಚು ಹಾಕಿಸಿದನು. ಈ ಮತವನ್ನು ಒಪ್ಪುವುದಾದರೆ, ಆ ಪುಟ್ಟ ಮನುಷ್ಯನೊಳಗೆ ಅವನ ಮಕ್ಕಳು, ಅವರೊಳಗೆ ಮೊಮ್ಮಕ್ಕಳು, ಹೀಗೆ ಭರಣಿಯೊಳಗೆ ಭರಣಿಯನ್ನಿಟ್ಟಂತೆ ಮುಂದಣ ಸಂತಾನವೆಲ್ಲವೂ ಅಡಗಿದ್ದಿತೆಂದು ಒಪ್ಪಬೇಕಾಗುವುದು. ಇದಕ್ಕೆ ಪೆಟ್ಟುಕೊಟ್ಟವನು ಕಾಸ್ಪರ್ ಫ್ರೆಡ್ರಿಕ್ ವೋಲ್ಫನು. 1759ರ ಪ್ರಬಂಧದಲ್ಲಿಯೂ, ಅನಂತರ 1768ರಲ್ಲಿ ಕೋಳಿಮರಿಯ ಕರುಳನ್ನು ಕುರಿತು ಬರೆದ ಲೇಖನದಲ್ಲಿಯೂ, ಕರುಳು ಮೊದಲು ಕೊಳವೆಯೇ ಅಲ್ಲ, ಚಪ್ಪಟೆಯಾದ ಹಾಳೆ. ಅದರ ಅಂಚುಗಳು ಬಾಗಿ ಕೂಡಿಕೊಂಡು ಕೊಳವೆಯಾಗುವುದೆಂದು ಅವನು ತೋರಿಸಿದನು. ಕರುಳಿನ ಆಕಾರವೇ ಇಲ್ಲದ ವಸ್ತುವಿನಿಂದ ಕರುಳು ಹುಟ್ಟುವುದನ್ನು ಕಣ್ಣಿನಿಂದ ನೋಡಿದ ಮೇಲೆ, ಅದು ಬೀಜದಲ್ಲಿ ಮೊದಲೇ ಇದ್ದಿತೆಂದು ಹೇಳುವುದು ಕಷ್ಟವಾಯಿತು.

ಆ ಹಾಳೆ ಒಂದಲ್ಲ, ಒಂದರ ಮೇಲೊಂದಾಗಿ ಮೂರಿರುವುವೆಂದು ಗುರುತಿಸಿದವನು ಕ್ರಿಸ್ಟಿಯನ್ ಪಾಂಡರನು. ವುರ್ಟ್ಸ್‌ಬುರ್ಗ್ ಪಟ್ಟಣದಲ್ಲಿ ಸಾವಿರಾರು ಮೊಟ್ಟೆಗಳನ್ನು ಗಂಟೆ ಗಂಟೆಗೂ ಒಡೆದು ನೋಡಿ 1817ರಲ್ಲಿ ಅವನು ಇದನ್ನು ಪ್ರಕಟಿಸಿದನು. ಅವನ ಮಿತ್ರನಾದ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರನು 1828ರಲ್ಲಿ ಹೊರಟ ತನ್ನ ಮಹಾಗ್ರಂಥದಲ್ಲಿ, ಇಂಥ ಪದರಗಳು ಕೋಳಿಗೆ ಮಾತ್ರವಲ್ಲ, ಬೆನ್ನೆಲುಬುಳ್ಳ ಪ್ರಾಣಿಗಳಿಗೆಲ್ಲ ಸಾಮಾನ್ಯವೆಂದು ವಿಸ್ತರಿಸಿದನು. 1850ರ ದಶಕದಲ್ಲಿ ರೊಬೆರ್ಟ್ ರೆಮಾಕನು ಈ ಪದರಗಳು ಜೀವಕೋಶಗಳ ಸಾಲುಗಳೆಂದು ಸ್ಥಾಪಿಸಿ, ಯಾವ ಪದರದಿಂದ ಯಾವ ಅಂಗವೆಂಬುದನ್ನು ಸುಮಾರಾಗಿ ಇಂದು ನಾವು ಹೇಳುವ ರೀತಿಯಲ್ಲಿಯೇ ಹೇಳಿದನು. ಜರ್ಮನ್ ಭಾಷೆಯಲ್ಲಿ ಇವುಗಳಿಗೆ ಎಲೆಯೆಂದೇ ಹೆಸರು. ಅದು ಬಹಳ ಒಪ್ಪುವ ಹೆಸರೆಂದು ನಮಗೆ ತೋರುವುದು. ಏಕೆಂದರೆ ಇವು ಎಲೆಯಂತೆಯೇ ತೆಳ್ಳಗಿದ್ದು, ಎಲೆಯಂತೆಯೇ ಮಡಿಸಿಕೊಳ್ಳುವುವು, ಸುರುಳಿಯಾಗುವುವು.

ಕೋಳಿಯ ಮೊಟ್ಟೆ ಅಂಗಡಿಯಲ್ಲಿ ದೊರೆಯುವುದು; ಮನುಷ್ಯನ ಮೊದಲ ದಿನಗಳ ಪಿಂಡವನ್ನು ನೋಡುವುದು ಹೇಗೆ? ಹೆಂಗಸಿಗೆ ತಾನು ಗರ್ಭಿಣಿಯೆಂದು ತಿಳಿಯುವುದಕ್ಕೆ ಮುಂಚೆಯೇ ಈ ಕಾರ್ಯವು ಮುಗಿಯುತ್ತ ಬರುವುದಾದ್ದರಿಂದ, ಬಹುಕಾಲ ಇದು ಕೇವಲ ಊಹೆಯ ವಿಷಯವಾಗಿತ್ತು. 1938ರಿಂದ ಮುಂದಕ್ಕೆ ಸುಮಾರು 15 ವರ್ಷಗಳ ಕಾಲ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ರಾಕ್ ಮತ್ತು ಆರ್ಥರ್ ಹರ್ಟಿಗ್ ಎಂಬ ವೈದ್ಯರು, ಕಾಯಿಲೆಯ ಕಾರಣದಿಂದ ಗರ್ಭಕೋಶವನ್ನು ತೆಗೆಸಿಕೊಳ್ಳಬೇಕಾಗಿದ್ದ ಸ್ತ್ರೀಯರಿಂದ 34 ಎಳೆಯ ಪಿಂಡಗಳನ್ನು ಸಂಗ್ರಹಿಸಿದರು. ಇಂದಿನ ನಿಯಮಗಳಲ್ಲಿ ಅಂಥ ಸಂಗ್ರಹವು ನಡೆಯುವುದು ಕಷ್ಟವೇ ಸರಿ. ಆದರೂ ಮೊದಲ ಎರಡು ಮೂರು ವಾರಗಳನ್ನು ಕುರಿತು ವೈದ್ಯಕೀಯ ಪುಸ್ತಕಗಳಲ್ಲಿ ಕಾಣುವ ಚಿತ್ರಗಳಲ್ಲಿ ಅನೇಕವು ಆ 34 ಪಿಂಡಗಳನ್ನು ನೋಡಿ ಬರೆದವುಗಳು.

ಈಗ ವಿಷಯಕ್ಕೆ ಬರೋಣ. ಸ್ತ್ರೀಯ ಅಂಡವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಅಗಲವಾದುದು. ಚುರುಕಾದ ಕಣ್ಣಿಗೆ ಧೂಳಿನ ಕಣದಂತೆ ಕಂಡೀತು. ಪುರುಷಬೀಜವು ಕೂಡಿದ ಮೇಲೆ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಗರ್ಭಕೋಶದ ಕಡೆಗೆ ಸಾಗುವುದು. ಐದನೆಯ ದಿನದ ಹೊತ್ತಿಗೆ ಅದರ ನಡುವೆ ನೀರು ತುಂಬಿ ಟೊಳ್ಳಾದ ಗುಳ್ಳೆಯಾಗುವುದು. ನಮ್ಮ ಗರ್ಭೋಪನಿಷತ್ತು ಮೊದಲನೆಯ ರಾತ್ರಿಯ ಗರ್ಭವನ್ನು ಕಲಲವೆಂದೂ, ಏಳು ರಾತ್ರಿಗಳದನ್ನು ಬುದ್ಬುದವೆಂದೂ, ಅರ್ಧಮಾಸದ್ದನ್ನು ಪಿಂಡವೆಂದೂ ಕರೆದಿದೆ. ಬುದ್ಬುದವೆಂದರೆ ನೀರಗುಳ್ಳೆ. ಏಳನೆಯ ದಿನದ ಗರ್ಭಕ್ಕೆ ಇದಕ್ಕಿಂತ ಒಪ್ಪುವ ಮಾತು ಸಿಕ್ಕಲಾರದು. ಆದರೆ ಒಂದು ಮಾತು ಒಪ್ಪಿತೆಂದು ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಲು ಹೊರಡುವುದು ಅವರಿಗೂ ಮರ್ಯಾದೆಯಲ್ಲ, ನಮಗೂ ಅಲ್ಲ. ಪದರಗಳ ಮಾತು ಅಲ್ಲಿಲ್ಲ. ಹೆಸರನ್ನು ಮಾತ್ರ ಎರವಲು ತೆಗೆದುಕೊಳ್ಳೋಣ.

ಈ ಬುದ್ಬುದದ ಹೊರಸುತ್ತಿನ ಕೋಶಗಳು ಮಗುವಿಗೆ ಸೇರಿದವುಗಳಲ್ಲ. ಗರ್ಭಕೋಶದ ಗೋಡೆಯಲ್ಲಿ ಬೇರೂರಿ ಆಹಾರವನ್ನು ಹೀರತಕ್ಕ ಮಾಸುವಿಗೆ ಅವು ಸೇರುವುವು. ಒಳಗೆ ಒಂದು ಪಕ್ಕಕ್ಕೆ ಅಂಟಿಕೊಂಡಿರುವ ಚಿಕ್ಕ ಗುಂಪಿನಿಂದಲೇ ಮಗುವಾಗಬೇಕು. ಎರಡನೆಯ ವಾರದಲ್ಲಿ ಆ ಗುಂಪು ಹರಡಿ, ಮೇಲೊಂದು ಕೆಳಗೊಂದು ಎರಡು ಪದರಗಳುಳ್ಳ ದುಂಡಾದ ಬಿಲ್ಲೆಯಾಗುವುದು. ಮೇಲುಗಡೆ ನೀರಿನ ಚೀಲ, ಕೆಳಗಡೆ ಮತ್ತೊಂದು ಚೀಲ. ಅವುಗಳ ನಡುವೆ ಈ ಬಿಲ್ಲೆ. ಹದಿನಾಲ್ಕನೆಯ ದಿನದವರೆಗೂ ಇದರಲ್ಲಿ ಅವಯವವೆಂಬ ಹೆಸರಿಗೆ ತಕ್ಕದ್ದು ಯಾವುದೂ ಇಲ್ಲ.

ಹದಿನೈದನೆಯ ದಿನದ ಸುಮಾರಿಗೆ ಮೇಲಿನ ಪದರದ ಮೇಲೆ, ಬಿಲ್ಲೆಯ ಒಂದು ಅಂಚಿನಿಂದ ನಡುವಿನವರೆಗೆ, ಒಂದು ಗೀಟು ಮೂಡುವುದು. ಇದನ್ನು ಆದಿರೇಖೆಯೆಂದು ಕರೆಯಬಹುದು. ಈ ಗೀಟು ಗುರುತು ಮಾತ್ರವಲ್ಲ, ಬಾಗಿಲು. ಮೇಲಿನ ಪದರದ ಕೋಶಗಳು ಎಡದಿಂದಲೂ ಬಲದಿಂದಲೂ ಅದರ ಕಡೆಗೆ ಸರಿದು ಬಂದು, ತಮ್ಮ ನೆರೆಯ ಕೋಶಗಳ ಹಿಡಿತವನ್ನು ಬಿಟ್ಟು, ಆ ಬಾಗಿಲಿನಿಂದ ಒಳಕ್ಕೆ ಇಳಿಯುವುವು. ಮೊದಲು ಇಳಿದವುಗಳು ತೀರ ಕೆಳಕ್ಕೆ ಹೋಗಿ, ಅಲ್ಲಿದ್ದ ಹಳೆಯ ಕೆಳಪದರವನ್ನು ಬಹುಮಟ್ಟಿಗೆ ಪಕ್ಕಕ್ಕೆ ತಳ್ಳಿ ತಾವೇ ಆ ಸ್ಥಳವನ್ನು ಹಿಡಿಯುವುವು, ಇದು ಒಳಪದರ. ಅನಂತರ ಇಳಿದವುಗಳು ನಡುವೆ ಹರಡಿಕೊಳ್ಳುವುವು, ಇದು ನಡುಪದರ. ಇಳಿಯದೆ ಮೇಲೆಯೇ ನಿಂತವುಗಳು ಹೊರಪದರ. ಹೀಗೆ ಮೂರು ಪದರಗಳೂ ಒಂದೇ ಮೇಲುಪದರದ ಮಕ್ಕಳು. ಯಾವ ಕೋಶವು ಯಾವ ಪದರಕ್ಕೆ ಸೇರುವುದೆಂಬುದು, ಅದು ಆ ಬಾಗಿಲನ್ನು ಯಾವಾಗ ಮತ್ತು ಯಾವ ಎಡೆಯಲ್ಲಿ ದಾಟಿತೆಂಬುದನ್ನು ಅವಲಂಬಿಸಿದೆ. ಆದಿರೇಖೆ ಮೂಡಿದೊಡನೆಯೇ ತಲೆಯ ಕಡೆ ಯಾವುದು, ಬುಡದ ಕಡೆ ಯಾವುದು ಎಂಬುದೂ ಸ್ಪಷ್ಟವಾಗುವುದು. ಅದರ ಮುಂದಿನ ತುದಿಯಲ್ಲಿ ಒಂದು ಸಣ್ಣ ಗಂಟು ಇರುವುದು. ಆ ಗಂಟಿನಲ್ಲಿ ಕೂದಲಿಗಿಂತ ಎಷ್ಟೋ ಸೂಕ್ಷ್ಮವಾದ ಎಳೆಗಳು ಸುತ್ತುತ್ತ ಅಲ್ಲಿನ ದ್ರವವನ್ನು ಎಡಕ್ಕೆ ತಳ್ಳುವುವೆಂದು 1998ರಲ್ಲಿ ಇಲಿಗಳ ಪಿಂಡದಲ್ಲಿ ಕಂಡುಬಂದಿತು. ಹೃದಯವು ಎಡಕ್ಕಿರುವುದಕ್ಕೆ ಮೂಲಕಾರಣವು ಈ ಹರಿವು. ಈ ಎಳೆಗಳು ಹುಟ್ಟಿನಿಂದಲೇ ಚಲಿಸಲಾರದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹೃದಯವು ಬಲಕ್ಕೂ ಯಕೃತ್ತು ಎಡಕ್ಕೂ ಇರುವುದು.

ಒಂದು ಬಿಲ್ಲೆಯಲ್ಲಿ ಸಾಮಾನ್ಯವಾಗಿ ಒಂದೇ ಆದಿರೇಖೆ. ಎರಡು ಮೂಡಿದರೆ ಅವಳಿಗಳು. ಅವು ಪೂರ್ತಿಯಾಗಿ ಬೇರಾಗದಿದ್ದರೆ ಅಂಟಿಕೊಂಡ ಅವಳಿಗಳು. ಆದ್ದರಿಂದ, ಇಷ್ಟರಲ್ಲಿ ಒಬ್ಬ ವ್ಯಕ್ತಿಯಿದ್ದಾನೆಯೋ ಇಬ್ಬರಿದ್ದಾರೆಯೋ ಎಂಬುದು ಈ ಗೀಟು ಮೂಡುವವರೆಗೂ ನಿರ್ಧಾರವಾಗಿರುವುದಿಲ್ಲ. ಪ್ರಯೋಗಶಾಲೆಯಲ್ಲಿ ಮನುಷ್ಯನ ಪಿಂಡವನ್ನು ಹದಿನಾಲ್ಕು ದಿನಗಳಾಚೆಗೆ ಬೆಳೆಸಕೂಡದೆಂದು ಇಂಗ್ಲೆಂಡಿನಲ್ಲಿ 1984ರ ವಾರ್ನಾಕ್ ಸಮಿತಿಯು ಶಿಫಾರಸು ಮಾಡಿ, 1990ರಲ್ಲಿ ಅದು ಶಾಸನವಾದುದಕ್ಕೆ ಇದೂ ಒಂದು ಆಧಾರ. ಗಾಜಿನ ಬಟ್ಟಲಿನಲ್ಲಿ ಕಾಣುವ ಒಂದು ಗೀಟಿನ ಮೇಲೆ ಒಂದು ದೇಶದ ಕಾನೂನು ನಿಂತಿದೆಯೆಂಬುದು ಯೋಚಿಸತಕ್ಕ ವಿಷಯ.

ಇನ್ನು ಯಾವ ಪದರದಿಂದ ಏನೇನಾಗುವುದೆಂಬುದನ್ನು ವಿದ್ಯಾರ್ಥಿಗಳು ಪಟ್ಟಿಮಾಡಿ ಬಾಯಿಪಾಠ ಮಾಡುವರು. ಇಲ್ಲಿ ಬೇಗನೆ ಹೇಳಿ ಮುಗಿಸೋಣ. ಹೊರಪದರದಿಂದ ಮೈಯ ಮೇಲುತೊಗಲು, ಕೂದಲು, ಉಗುರು, ಮತ್ತು ಆಶ್ಚರ್ಯವೆಂಬಂತೆ ಮಿದುಳು, ಬೆನ್ನುಹುರಿ, ನರಗಳು. ನಡುಪದರದಿಂದ ಎಲುಬು, ಮಾಂಸಖಂಡ, ಹೃದಯ, ರಕ್ತ, ಮೂತ್ರಪಿಂಡ. ಒಳಪದರದಿಂದ ಅನ್ನನಾಳದಿಂದ ಕರುಳಿನ ತುದಿಯವರೆಗಿನ ಒಳಹೊದಿಕೆ, ಶ್ವಾಸಕೋಶಗಳ ಒಳಹೊದಿಕೆ, ಯಕೃತ್ತು, ಮೇದೋಜೀರಕ, ಥೈರಾಯ್ಡ್ ಗ್ರಂಥಿ. ಮುಂದಿನ ಪೀಳಿಗೆಗೆ ಬೀಜವಾಗತಕ್ಕ ಕೋಶಗಳು ಮಾತ್ರ ಈ ಹಂಚಿಕೆಗೆ ಸಿಕ್ಕದೆ ಮೊದಲೇ ಬೇರೆಯಾಗಿ ಕೆಳಗಣ ಚೀಲದ ಗೋಡೆಯಲ್ಲಿ ಕಾದಿದ್ದು, ಅನಂತರ ಕರುಳಿನ ಬದಿಯಿಂದ ನಡೆದು ಬಂದು ತಮ್ಮ ಸ್ಥಾನವನ್ನು ಸೇರುವುವು.

ಆದರೆ ಈ ಪಟ್ಟಿಯಿಂದ ಒಂದು ತಪ್ಪು ಅಭಿಪ್ರಾಯ ಹುಟ್ಟುವುದು. ಒಂದೊಂದು ಪದರವೂ ತನ್ನ ಪಾಲಿನ ಅಂಗಗಳನ್ನು ತಾನೇ ಮಾಡಿ ಮುಗಿಸುವುದೆಂದು ಓದುವವರಿಗೆ ತೋರಬಹುದು. ನಿಜಸ್ಥಿತಿಯು ಹಾಗಿಲ್ಲ. ಕರುಳನ್ನು ತೆಗೆದುಕೊಂಡರೆ, ಅನ್ನರಸವನ್ನು ಹೀರುವ ಒಳಹೊದಿಕೆ ಒಳಪದರದ್ದು. ಅದನ್ನು ಹಿಂಡಿ ಮುಂದಕ್ಕೆ ದೂಡುವ ಮಾಂಸ ನಡುಪದರದ್ದು. ಹಿಂಡುವುದಕ್ಕೆ ಅಪ್ಪಣೆ ಕೊಡುವ ನರ ಹೊರಪದರದಿಂದ ವಲಸೆ ಬಂದದ್ದು. ಚರ್ಮದ ಮೇಲ್ಭಾಗ ಹೊರಪದರ, ಅಡಿಭಾಗ ಹೆಚ್ಚಾಗಿ ನಡುಪದರ. ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಸಿಪ್ಪೆ ಒಂದು ಪದರದ್ದು, ತಿರುಳು ಇನ್ನೊಂದರದ್ದು. ಮಿದುಳಿನ ಕೆಳಗೆ ಜೋತಿರುವ ಪಿಟ್ಯುಟರಿ ಗ್ರಂಥಿಯಲ್ಲಿಯಾದರೆ ಹಿಂದಿನ ಅರ್ಧವು ಮಿದುಳಿನ ನೆಲದಿಂದ ಇಳಿದದ್ದು, ಮುಂದಿನ ಅರ್ಧವು ಬಾಯಿಯ ಛಾವಣಿಯಿಂದ ಮೇಲಕ್ಕೆ ಹತ್ತಿದ್ದು. ಪದರವೆಂಬುದು ಕುಲವಲ್ಲ, ಹೊರಟ ಊರು ಮಾತ್ರ. ಹೊರಟ ಮೇಲೆ ಯಾವ ನೆರೆ ಸಿಕ್ಕಿತೆಂಬುದು ಬಹಳ ಮುಖ್ಯ.

ನೆರೆಯ ಪ್ರಭಾವಕ್ಕೆ ಮಿದುಳಿನ ಉತ್ಪತ್ತಿಯಷ್ಟು ದೊಡ್ಡ ದೃಷ್ಟಾಂತ ಬೇರೊಂದಿಲ್ಲ. ಆದಿರೇಖೆಯ ಮುಂದಿನ ಗಂಟಿನಿಂದ ಒಳಗಿಳಿದ ಕೋಶಗಳು ಬಿಲ್ಲೆಯ ನಟ್ಟನಡುವೆ, ತಲೆಯ ಕಡೆಗೆ, ಒಂದು ದಾರದಂತೆ ನೀಳವಾಗಿ ನಿಲ್ಲುವುವು. ಇದು ಬೆನ್ನುತಂತು, ಮುಂದೆ ಬೆನ್ನೆಲುಬು ಬರತಕ್ಕ ಸ್ಥಳ ಇದರ ಸುತ್ತಲೇ. ಈ ತಂತುವಿನ ನೇರಕ್ಕೆ ಮೇಲಿರುವ ಹೊರಪದರವು ಚರ್ಮವಾಗುವುದನ್ನು ಬಿಟ್ಟು ದಪ್ಪವಾಗುವುದು. ಬಳಿಕ ನೇಗಿಲು ಹೊಡೆದ ಹೊಲದಲ್ಲಿ ಸಾಲು ಬಿದ್ದಂತೆ ಅದರ ನಡುವೆ ತಗ್ಗು ಬಿದ್ದು, ಎರಡು ಕಡೆಯ ದಿಂಡುಗಳು ಏಳುವುವು. ದಿಂಡುಗಳು ಮೇಲೆ ಮೇಲೆ ಬಾಗುತ್ತ ಬಂದು ಒಂದನ್ನೊಂದು ಮುಟ್ಟಿ ಬೆಸೆದುಕೊಂಡಾಗ ಸಾಲು ಹೋಗಿ ಕೊಳವೆಯಾಗುವುದು. ಇದೇ ನರಕೊಳವೆ. ಮುಂದಿನ ಭಾಗ ಉಬ್ಬಿ ಮಿದುಳು, ಹಿಂದಿನದು ಬೆನ್ನುಹುರಿ. ಬೆಸುಗೆಯು ಸುಮಾರು 22ನೆಯ ದಿನ ಕತ್ತಿನ ನೇರದಲ್ಲಿ ಆರಂಭವಾಗಿ ಮೇಲಕ್ಕೂ ಕೆಳಕ್ಕೂ ಸಾಗುವುದು. ತಲೆಯ ಕಡೆಯ ಬಾಯಿ ಸುಮಾರು 25ನೆಯ ದಿನ ಮುಚ್ಚುವುದು, ಬುಡದ ಕಡೆಯದು 27 ಅಥವಾ 28ನೆಯ ದಿನ. ಈ ದಿನಗಳನ್ನು ಕೇಳುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಹೊರಪದರವು ತಾನಾಗಿಯೇ ಮಿದುಳಾಯಿತೆ, ಅಥವಾ ಅಡಿಯಿಂದ ಯಾರಾದರೂ ಹೇಳಿದರೆ? ಇದನ್ನು ಇತ್ಯರ್ಥ ಮಾಡಿದುದು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಹಾನ್ಸ್ ಸ್ಪೇಮನ್ ಎಂಬ ಆಚಾರ್ಯನ ಕೈಕೆಳಗೆ ಹಿಲ್ಡೆ ಮಾಂಗೋಲ್ಡ್ ಎಂಬ ವಿದ್ಯಾರ್ಥಿನಿ ಮಾಡಿದ ಪ್ರಯೋಗ. ಹಲ್ಲಿಯಾಕಾರದ, ನೀರಿನಲ್ಲಿ ವಾಸಿಸುವ ನ್ಯೂಟ್ ಎಂಬ ಪ್ರಾಣಿಯಲ್ಲಿ ಎರಡು ಜಾತಿ. ಒಂದರ ಪಿಂಡ ಬಿಳಿಚಿದ್ದು, ಇನ್ನೊಂದರದು ಕಪ್ಪು ಛಾಯೆಯದು. ನಮ್ಮ ಆದಿರೇಖೆಯ ಗಂಟಿಗೆ ಸರಿಯಾದ ಒಂದು ತುಣುಕನ್ನು ಆಕೆ ಬಿಳಿಯ ಪಿಂಡದಿಂದ ಕತ್ತರಿಸಿ ತೆಗೆದು, ಕಪ್ಪು ಪಿಂಡದ ಹೊಟ್ಟೆಯ ಕಡೆಗೆ, ಅಂದರೆ ಬರಿಯ ಹೊಟ್ಟೆಯ ಚರ್ಮವಾಗಬೇಕಾಗಿದ್ದ ಕಡೆಗೆ, ನಾಟಿಮಾಡಿದಳು. ಅಲ್ಲಿ ಎರಡನೆಯ ಒಂದು ಮರಿಯೇ, ನರಕೊಳವೆಯೊಡನೆ, ಹುಟ್ಟಿಕೊಂಡಿತು. ಬಣ್ಣವನ್ನು ನೋಡಿದಾಗ ಆ ಮಿದುಳಿನ ಕೋಶಗಳು ಬಹುಮಟ್ಟಿಗೆ ಕಪ್ಪು. ಎಂದರೆ ನಾಟಿಮಾಡಿದ ತುಣುಕು ತಾನು ಮಿದುಳಾಗಲಿಲ್ಲ, ನೆರೆಯವರನ್ನು ಮಿದುಳಾಗುವಂತೆ ಮಾಡಿತು. ಲೇಖನವು 1924ರಲ್ಲಿ ಅಚ್ಚಾಯಿತು. ಅದೇ ವರ್ಷ ಮನೆಯಲ್ಲಿ ಒಲೆಯ ಅಪಘಾತದಿಂದ ಹಿಲ್ಡೆ ಮಾಂಗೋಲ್ಡ್ ತೀರಿಕೊಂಡಳು. ಆಗ ಆಕೆಗೆ ಇನ್ನೂ 26 ತುಂಬಿರಲಿಲ್ಲ. ಸ್ಪೇಮನ್ನನಿಗೆ 1935ರಲ್ಲಿ ನೊಬೆಲ್ ಬಹುಮಾನ ಬಂದಿತು. 1990ರ ದಶಕದಲ್ಲಿ ಇದಕ್ಕೆ ಒಂದು ವಿಚಿತ್ರವಾದ ತಿದ್ದುಪಡಿಯೂ ಸೇರಿತು. ಹೊರಪದರದ ಕೋಶಗಳಿಗೆ ಚರ್ಮವಾಗಿರೆಂದು ಹೇಳುವ ರಾಸಾಯನಿಕ ಸಂದೇಶವೊಂದು ಎಲ್ಲ ಕಡೆಯೂ ಹರಿದಾಡುತ್ತಿರುವುದು. ಆ ಗಂಟು ಮತ್ತು ಅದರಿಂದ ಹೊರಟ ತಂತು ಸ್ರವಿಸುವ ಪ್ರೋಟೀನುಗಳು ಆ ಸಂದೇಶವನ್ನು ನಡುವೆಯೇ ತಡೆಯುವುವು. ಚರ್ಮವಾಗೆಂಬ ಆಜ್ಞೆ ತಲುಪದ ಕೋಶವು ನರವಾಗುವುದು.

ದಿಂಡುಗಳು ಕೂಡುವ ಸಂದಿನಿಂದ ಕೆಲವು ಕೋಶಗಳು ಯಾವ ಕೊಳವೆಗೂ ಸೇರದೆ ಹೊರಬಿದ್ದು ದೇಹದಲ್ಲೆಲ್ಲ ಅಲೆಯತೊಡಗುವುವು. ಇವುಗಳ ತವರಾದ ದಿಂಡಿನ ಅಂಚಿಗೆ ನರಶಿಖೆಯೆಂದು ಹೇಳೋಣ. ಈ ಅಲೆಮಾರಿಗಳಿಂದಲೇ ಚರ್ಮಕ್ಕೆ ಕಪ್ಪನ್ನು ಕೊಡುವ ಕೋಶಗಳು, ಕರುಳಿನ ನರಗಳು, ಅಡ್ರಿನಲ್ ಗ್ರಂಥಿಯ ತಿರುಳು, ಹಲ್ಲಿನ ಒಳಗಣ ಗಟ್ಟಿಭಾಗ, ಮುಖದ ಎಲುಬುಗಳು ಆಗುವುವು. ಎಲುಬೆಂದರೆ ನಡುಪದರವೆಂದು ಈಗತಾನೆ ಹೇಳಿದೆವು. ಮುಖದ ಎಲುಬು ಆ ನಿಯಮವನ್ನು ಮುರಿಯುತ್ತದೆ. ಫ್ರಾನ್ಸಿನ ನಿಕೊಲ್ ಲ ದ್ವಾರೆ ಎಂಬಾಕೆ 1969ರಿಂದ ಮುಂದಕ್ಕೆ ಲಾವಕ್ಕಿಯ ಕೋಶಗಳನ್ನು ಕೋಳಿಯ ಪಿಂಡಕ್ಕೆ ನಾಟಿಮಾಡಿ ಇವುಗಳ ಹಾದಿಯನ್ನು ಹಿಂಬಾಲಿಸಿದಳು. ಲಾವಕ್ಕಿಯ ಕೋಶದ ಬೀಜವು ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿಯೇ ಕಾಣುವುದರಿಂದ, ಎಲ್ಲಿಗೆ ಹೋದರೂ ಗುರುತು ಸಿಕ್ಕುತ್ತಿತ್ತು. ಇದನ್ನು ನಾಲ್ಕನೆಯ ಪದರವೆಂದೇ ಎಣಿಸಬೇಕೆನ್ನುವವರೂ ಇದ್ದಾರೆ. ಅದು ಅತಿಯಾಯಿತೆಂದು ನಮ್ಮ ಅಭಿಪ್ರಾಯ. ಆದರೆ ಮೂರೆಂಬ ಸಂಖ್ಯೆಯನ್ನು ವೇದವಾಕ್ಯವಾಗಿ ಹಿಡಿಯಬಾರದೆಂಬುದಕ್ಕೆ ಇದು ಸಾಕು.

ಇದೇ ದಿನಗಳಲ್ಲಿ ಬೆನ್ನುತಂತುವಿನ ಇಕ್ಕೆಲದ ನಡುಪದರವು ಕಬ್ಬಿನ ಗಣ್ಣುಗಳಂತೆ ತುಂಡುತುಂಡಾಗುವುದು. 20ನೆಯ ದಿನದ ಸುಮಾರಿಗೆ ಮೊದಲ ಜೋಡಿ ತೋರಿ, ಅನಂತರ ದಿನಕ್ಕೆ ಸುಮಾರು ಮೂರು ಜೋಡಿಯಂತೆ ತಲೆಯ ಕಡೆಯಿಂದ ಕೆಳಕ್ಕೆ ಸಾಗಿ 42ರಿಂದ 44 ಜೋಡಿಗಳಾಗುವುವು. ಬೆನ್ನೆಲುಬಿನ ಮಣಿಗಳು, ಪಕ್ಕೆಲುಬುಗಳು, ಬೆನ್ನಿನ ಮಾಂಸ ಇವುಗಳಿಂದಲೇ. ಹೃದಯದ ಕೊಳವೆಯು 22ನೆಯ ದಿನದ ಆಸುಪಾಸಿನಲ್ಲಿ ಮಿಡಿಯಲಾರಂಭಿಸುವುದು. ನಾಲ್ಕನೆಯ ವಾರದಲ್ಲಿ ಚಪ್ಪಟೆಯಾಗಿದ್ದ ಬಿಲ್ಲೆಯು, ವೀಳ್ಯದೆಲೆಯನ್ನು ಮಡಿಸುವಂತೆ, ಅಂಚುಗಳನ್ನು ಕೆಳಕ್ಕೆ ಬಾಗಿಸಿ ಕೂಡಿಸಿಕೊಳ್ಳುವುದು. ಒಳಪದರವು ಹೀಗೆ ಕೊಳವೆಯಾಗಿ ಕರುಳಾಗುವುದು. ವೋಲ್ಫನು ಕೋಳಿಯಲ್ಲಿ ಕಂಡದ್ದು ಇದನ್ನೇ. ನಾಲ್ಕನೆಯ ವಾರದ ಕೊನೆಯಲ್ಲಿ ಇಷ್ಟೆಲ್ಲವನ್ನೂ ಒಳಗೊಂಡ ಆ ಜೀವದ ಉದ್ದ ನಾಲ್ಕೈದು ಮಿಲಿಮೀಟರು. ಒಂದು ಅಕ್ಕಿಕಾಳಿಗಿಂತ ಗಿಡ್ಡ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ನಾವು ಹೇಳಿದ ದಿನಗಳು ಗರ್ಭ ನಿಂತಂದಿನಿಂದ ಎಣಿಸಿದವು. ವೈದ್ಯರು ಎಣಿಸುವುದು ಕೊನೆಯ ಸಲ ಮುಟ್ಟಾದ ದಿನದಿಂದ. ಅದು ಸುಮಾರು ಎರಡು ವಾರ ಹೆಚ್ಚು. ಆದಿರೇಖೆ ಮೂಡುವಾಗ ತಾಯಿಯ ಮುಟ್ಟು ತಪ್ಪಿ ಒಂದೆರಡು ದಿನ ಆಗಿರಬಹುದು. ನರಕೊಳವೆ ಮುಚ್ಚುವಾಗ ತಪ್ಪಿ ಎರಡು ವಾರ ಮಾತ್ರ. ಎಷ್ಟೋ ಮನೆಗಳಲ್ಲಿ ಅಷ್ಟರಲ್ಲಿ ಅತ್ತೆಗೂ ಸುದ್ದಿ ತಿಳಿದಿರುವುದಿಲ್ಲ, ಕೆಲವು ಸಲ ಸ್ವತಃ ಹೆಂಗಸಿಗೂ ನಿಶ್ಚಯವಿರುವುದಿಲ್ಲ. ಮಿದುಳಿನ ತಳಹದಿಯ ಭವಿಷ್ಯವು ಅಷ್ಟರಲ್ಲಿ ಮುಗಿದಿರುವುದು.

ಈ ಕಾಲಪಟ್ಟಿಯು ಮನುಷ್ಯರ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂಬುದನ್ನು ಲೋಕವು ಒಂದು ದೊಡ್ಡ ದುಃಖದ ಮೂಲಕ ಕಲಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರ ವಾಕರಿಕೆಗೂ ಅದನ್ನು ಕೊಡುತ್ತಿದ್ದರು. 1961ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತಿಗೆ ಅನೇಕ ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅಂಗವಿಕಾರದೊಡನೆ ಹುಟ್ಟಿದ್ದುವು. ತಾಯಂದಿರು ಮಾತ್ರೆ ತೆಗೆದುಕೊಂಡ ದಿನಗಳನ್ನು ಹೋಲಿಸಿ ನೋಡಿದಾಗ, ಗರ್ಭ ನಿಂತ ಮೇಲಿನ ಸುಮಾರು 20ರಿಂದ 36 ದಿನಗಳೊಳಗೆ ತೆಗೆದುಕೊಂಡಿದ್ದರೆ ಮಾತ್ರ ಇಂಥ ವಿಕಾರಗಳೆಂದೂ, ಆ ಅವಧಿಯ ಮೊದಲಲ್ಲಿ ತೆಗೆದುಕೊಂಡಿದ್ದರೆ ಕಿವಿ, ಅನಂತರವಾದರೆ ತೋಳು, ಅದಕ್ಕೂ ಆಮೇಲಾದರೆ ಕಾಲು ಕೆಡುವುದೆಂದೂ ಕಂಡುಬಂದಿತು. ಔಷಧವು ಒಂದೇ, ಆಯಾ ದಿನ ಯಾವ ಅಂಗ ರೂಪುಗೊಳ್ಳುತ್ತಿತ್ತೋ ಅದು ಕೆಟ್ಟಿತು.

ಇದನ್ನು ತಿಳಿದವರಿಗೆ ನಮ್ಮಲ್ಲಿ ನಡೆದುಬಂದಿರುವ ಗ್ರಹಣದ ನಂಬಿಕೆಯನ್ನು ಪರೀಕ್ಷಿಸುವುದು ಸುಲಭ. ಗ್ರಹಣಕಾಲದಲ್ಲಿ ಬಸುರಿಯು ಈಳಿಗೆಯನ್ನು ಮುಟ್ಟಿ ಏನನ್ನಾದರೂ ಹೆಚ್ಚಿದರೆ ಮಗುವಿನ ತುಟಿ ಸೀಳುವುದೆಂದು ಹೇಳುವರು. ಮುಖದ ಎರಡು ಕಡೆಯಿಂದಲೂ ನಡುವಿನಿಂದಲೂ ಬೆಳೆದು ಬರುವ ಉಬ್ಬುಗಳು ಕೂಡಿ ಮೇಲ್ದುಟಿಯಾಗುವುದು. ಏಳನೆಯ ವಾರದ ಹೊತ್ತಿಗೆ ಆ ಕೂಡುವಿಕೆ ಮುಗಿದಿರುವುದು. ಬಸುರಿಯನ್ನು ಕೋಣೆಯಲ್ಲಿ ಕೂಡಿಹಾಕುವುದು ಸಾಮಾನ್ಯವಾಗಿ ಹೊಟ್ಟೆ ಕಾಣುವ ತಿಂಗಳುಗಳಲ್ಲಿ. ಕೂಡಿ ಮುಗಿದ ತುಟಿಯನ್ನು ಆರನೆಯ ತಿಂಗಳಿನ ಗ್ರಹಣವಾಗಲಿ ಈಳಿಗೆಯಾಗಲಿ ಸೀಳಲಾರದು. ಕೂಡದೆ ಉಳಿದ ತುಟಿಯು ಯಾರಿಗೂ ತಿಳಿಯುವ ಮುಂಚೆಯೇ ಕೂಡದೆ ಉಳಿದಿರುವುದು. ಹೀಗಿರುವಲ್ಲಿ ಹೆತ್ತವಳನ್ನು ಕರೆದು, ಆ ದಿನ ನೀನೇನು ಹೆಚ್ಚಿದೆಯೆಂದು ಕೇಳುವುದು ಬರಿಯ ಕ್ರೌರ್ಯ.

ಗ್ರಹಣದಿಂದ ತಪ್ಪಿಸಿಕೊಳ್ಳಬೇಕಾದುದೇನೂ ಇಲ್ಲ; ಆದರೆ ನರಕೊಳವೆಯ ವಿಷಯದಲ್ಲಿ ಮಾಡಬಹುದಾದ ಒಂದು ಕಾರ್ಯವುಂಟು. ಅದರ ಕಥೆ ಮುಂಬಯಿಯಿಂದ ಆರಂಭವಾಗುವುದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಅಲ್ಲಿಗೆ ಬಂದು, ಬಟ್ಟೆಗಿರಣಿಗಳಲ್ಲಿ ದುಡಿಯುವ ಬಸುರಿಯರಿಗೆ ತಗಲುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರೀಕ್ಷಿಸಿದಳು. ಯೀಸ್ಟಿನ ಸಾರವನ್ನು ಕೊಟ್ಟರೆ ಅದು ವಾಸಿಯಾಗುವುದೆಂದು 1931ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ವಸ್ತುವನ್ನು 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಲ್ಯಾಟಿನ್ ಭಾಷೆಯಲ್ಲಿ ಎಲೆಗಿರುವ ಹೆಸರಿನಿಂದ ಫೋಲಿಕ್ ಆಮ್ಲವೆಂದು ಕರೆದರು. ವೇಗವಾಗಿ ಒಡೆದು ಹೆಚ್ಚುತ್ತಿರುವ ಕೋಶಗಳಿಗೆ ಇದು ಅತ್ಯಗತ್ಯ. ಮೂರನೆಯ ನಾಲ್ಕನೆಯ ವಾರಗಳ ಪಿಂಡಕ್ಕಿಂತ ವೇಗವಾಗಿ ಹೆಚ್ಚುವ ಕೋಶಗಳು ಎಲ್ಲಿವೆ? ಹಿಂದೆ ನರಕೊಳವೆಯ ದೋಷವುಳ್ಳ ಮಗುವನ್ನು ಹೆತ್ತಿದ್ದ ಸ್ತ್ರೀಯರಿಗೆ ಇದನ್ನು ಗರ್ಭಕ್ಕೆ ಮುಂಚಿನಿಂದಲೇ ಕೊಟ್ಟು ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲ 1991ರಲ್ಲಿ ಹೊರಬಂದಿತು. ದೋಷವು ಮರುಕಳಿಸಿದುದು ಒಟ್ಟು 27 ಗರ್ಭಗಳಲ್ಲಿ. ಅವುಗಳಲ್ಲಿ ಫೋಲಿಕ್ ಆಮ್ಲವನ್ನು ಪಡೆದವರದು 6, ಪಡೆಯದವರದು 21. ಪಡೆಯದವರಿಗೆ ಅನ್ಯಾಯವಾಗುವುದೆಂದು ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಮರುವರ್ಷ ಹಂಗೆರಿಯಲ್ಲಿ, ಮೊದಲು ಇಂಥ ಮಗುವನ್ನು ಹೆರದವರಲ್ಲಿಯೂ ಫೋಲಿಕ್ ಆಮ್ಲವು ಸೇರಿದ ಮಾತ್ರೆಗಳಿಂದ ದೋಷವು ತಪ್ಪುವುದೆಂದು ಗೊತ್ತಾಯಿತು.

ತಲೆಯ ಕಡೆ ಕೊಳವೆ ಮುಚ್ಚದಿದ್ದರೆ ಮಿದುಳೂ ತಲೆಯ ಚಿಪ್ಪೂ ಬೆಳೆಯುವುದಿಲ್ಲ, ಅಂಥ ಶಿಶು ಬದುಕುವುದಿಲ್ಲ. ಬುಡದ ಕಡೆ ಮುಚ್ಚದಿದ್ದರೆ ಬೆನ್ನುಹುರಿ ಹೊರಕ್ಕೆ ತೆರೆದಿದ್ದು, ಕಾಲುಗಳ ಶಕ್ತಿಯೂ ಮೂತ್ರದ ಮೇಲಣ ಹಿಡಿತವೂ ಕುಂದುವುವು. ಇವೆಲ್ಲವನ್ನೂ ಫೋಲಿಕ್ ಆಮ್ಲವು ತಪ್ಪಿಸುವುದೆಂದು ಹೇಳಲಾಗದು, ಹಲವನ್ನು ತಪ್ಪಿಸುವುದು. ಸೊಪ್ಪು, ಕಾಳುಗಳಲ್ಲಿ ಈ ಅಂಶವುಂಟು. ಅದು ನೀರಿನಲ್ಲಿ ಕರಗಿ ಹೋಗುವುದರಿಂದ, ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹಳ್ಳಿಗಳ ಪದ್ಧತಿಯು ಬಹಳ ಒಳ್ಳೆಯದು. ಆದರೆ ಈ ಕಾರ್ಯಕ್ಕೆ ಅಡಿಗೆಯನ್ನೇ ನಂಬಿರಲಾಗದು. ಮಗುವನ್ನು ಬಯಸುವ ಸ್ತ್ರೀಯು ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಗರ್ಭಕ್ಕೆ ಮುಂಚಿನಿಂದಲೇ ಆರಂಭಿಸಿ ಮೂರು ತಿಂಗಳು ತುಂಬುವವರೆಗೆ ತೆಗೆದುಕೊಳ್ಳಬೇಕೆಂಬುದು ವೈದ್ಯರ ಸಲಹೆ. ಹಿಂದೆ ದೋಷವುಳ್ಳ ಮಗುವನ್ನು ಹೆತ್ತವರಿಗೆ ಇದರ ಹತ್ತರಷ್ಟು ಬೇಕಾಗುವುದು. ಅದನ್ನು ವೈದ್ಯರೇ ಬರೆದುಕೊಡಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಕಬ್ಬಿಣದೊಡನೆ ಕೂಡಿಸಿ ಕೊಡುವ ಫೋಲಿಕ್ ಆಮ್ಲದ ಮಾತ್ರೆ ಬೇರೆ. ಅದು ತಾಯಿಯ ರಕ್ತಕ್ಕಾಗಿ, ಲೂಸಿ ವಿಲ್ಸಳು ಮುಂಬಯಿಯಲ್ಲಿ ಕಂಡ ಕಾಯಿಲೆಗಾಗಿ. ಅದು ಕೈಗೆ ಬರುವ ಹೊತ್ತಿಗೆ ನರಕೊಳವೆಯು ಮುಚ್ಚಿ ಎರಡು ತಿಂಗಳಾಗಿರುವುದು.